ತಮ್ಮನ ಊರಿನ ಅಪರಾಹ್ನ

ಅಮೆರಿಕ ಯಾವ ದಿಕ್ಕಿಗಿದೆ? ಹತ್ತು ಜನರನ್ನು ಕೇಳಿದರೆ ಎಂಟು ಜನ ಪಡುವಣಕ್ಕೆ ಕೈ ತೋರಿಸುತ್ತಾರೆ. ಅರಬ್ಬೀ ಸಮುದ್ರ, ಅದರಾಚೆ ಆಫ್ರಿಕಾ, ಅದರಾಚೆ ಅಟ್ಲಾಂಟಿಕ್, ಅದನ್ನೂ ದಾಟಿದರೆ ಅಮೆರಿಕ. ಶಾಲೆಯ ಗೋಡೆಗೆ ತೂಗುಹಾಕಿದ್ದ ಭೂಪಟ ಕಲಿಸಿದ ಪಾಠ ಅದು. ಉಳಿದಿಬ್ಬರು, ಮಕ್ಕಳನ್ನು ನೋಡಲು ಸಿಂಗಪುರದ ಮೇಲೆ ಕ್ಯಾಲಿಫೋರ್ನಿಯಾಕ್ಕೆ ಹೋಗಿ ಬಂದವರು, ಮೂಡಣಕ್ಕೆ ತೋರಿಸಿಯಾರು. ಚಿಕ್ಕಮಗಳೂರಿನಲ್ಲಿ ಮಾತ್ರ ಒಬ್ಬ ಮೇಷ್ಟ್ರು ಉತ್ತರಕ್ಕೆ ಕೈ ತೋರಿಸುತ್ತಾರೆ. ಮೂವತ್ತನಾಲ್ಕು ವರ್ಷ ಹೈಸ್ಕೂಲು ಹುಡುಗರಿಗೆ ಗಣಿತ ಹೇಳಿ ನಿವೃತ್ತರಾದವರು. ಅವರ ಮಾತನ್ನು ಅವರ ತಾಯಿಯೇ ನಂಬಿರಲಿಲ್ಲ.

ತಾಯಿಗೆ ಆಗ ಎಂಬತ್ತು ದಾಟಿತ್ತು. ಕಿರಿಯ ಮಗ ಸ್ಯಾನ್ ಹೋಸೆಯಲ್ಲಿ. ಸಂಜೆ ದೀಪ ಹಚ್ಚಿದ ಮೇಲೆ ಜಗುಲಿಗೆ ಬಂದು ಮುಳುಗುವ ಸೂರ್ಯನ ಕಡೆ ಮುಖ ಮಾಡಿ ಕೈ ಮುಗಿಯುವುದು ಆಕೆಯ ಪದ್ಧತಿ. ಆ ನಮಸ್ಕಾರದಲ್ಲಿ ಅರ್ಧ ಸೂರ್ಯನಿಗೆ, ಅರ್ಧ ಮಗನಿಗೆ.

‘ಅಮ್ಮಾ, ಅವನು ಆ ಕಡೆ ಇಲ್ಲ. ಗಿರಿಯ ಕಡೆ ಇದ್ದಾನೆ’ ಎಂದರು ಮೇಷ್ಟ್ರು ಒಂದು ದಿನ.

‘ಗಿರಿಯ ಆಚೆ ಲಿಂಗದಹಳ್ಳಿ ಅಲ್ವೇನೋ?’

‘ಲಿಂಗದಹಳ್ಳಿ ದಾಟಿ ಹಾಗೇ ನೆಟ್ಟಗೆ ಹೋಗ್ತಾ ಇದ್ರೆ ಸಿಗ್ತಾನೆ.’

ತಮಾಷೆಯೆಂದು ಆಕೆ ನಕ್ಕರು. ತಮಾಷೆಯಲ್ಲ. ಮಾರನೆಯ ದಿನ ಮೇಷ್ಟ್ರು ಅಟ್ಟದ ಮೇಲಿದ್ದ ಹಳೆಯ ಗೋಳವನ್ನು ಇಳಿಸಿ, ಧೂಳು ಒರೆಸಿ, ತಾಯಿಯ ಹೂವಿನ ಬುಟ್ಟಿಯಿಂದ ಒಂದು ಮಾರು ದಾರ ತೆಗೆದುಕೊಂಡರು. ಚಿಕ್ಕಮಗಳೂರಿಗೆ ಅದರಲ್ಲಿ ಚುಕ್ಕಿ ಇಲ್ಲ. ಬೆಂಗಳೂರಿನ ಚುಕ್ಕಿಯಿಂದ ಒಂದು ಕೂದಲೆಳೆ ಎಡಕ್ಕೆ ಹೆಬ್ಬೆರಳು ಒತ್ತಿದರು. ಇನ್ನೊಂದು ತುದಿಯನ್ನು ಕ್ಯಾಲಿಫೋರ್ನಿಯಾದ ಮೇಲೆ ತಾಯಿಯಿಂದಲೇ ಹಿಡಿಸಿದರು. ದಾರವನ್ನು ಮೊದಲು ಪೆಸಿಫಿಕ್ ಸಾಗರದ ಮೇಲೆ ಅಡ್ಡಲಾಗಿ ಹಾಸಿ ಆಮೇಲೆ ಮೆಲ್ಲಗೆ ಬಿಗಿ ಮಾಡಿದರು. ಬಿಗಿಯಾದಂತೆಲ್ಲ ದಾರ ತನ್ನಷ್ಟಕ್ಕೆ ತಾನೇ ಮೇಲಕ್ಕೆ ಜಾರಿತು. ಜಪಾನು ಬಿಟ್ಟಿತು, ಚೀನಾದ ಊರುಗಳನ್ನು ಬಿಟ್ಟಿತು, ಕೊನೆಗೆ ಗೋಳದ ನೆತ್ತಿಯ ಹತ್ತಿರ ಹೋಗಿ ನಿಂತಿತು. ಬೀದರಿನ ಪಕ್ಕ, ಕಾನ್ಪುರದ ಆಸುಪಾಸು, ನೇಪಾಳದ ಪಶ್ಚಿಮ ಭಾಗ, ಟಿಬೆಟ್, ಮಂಗೋಲಿಯಾದ ಒಂದು ಮೂಲೆ, ಸೈಬೀರಿಯಾ, ಆರ್ಕ್ಟಿಕ್ ಸಾಗರ, ಅಲಾಸ್ಕಾ, ಅಲ್ಲಿಂದ ಕೆಳಗಿಳಿದು ಕ್ಯಾಲಿಫೋರ್ನಿಯಾ. ಎರಡು ಊರುಗಳ ನಡುವಿನ ಅತಿ ಹತ್ತಿರದ ದಾರಿ ಇದು. ಗೋಳದ ಕೇಂದ್ರದ ಮೂಲಕ ಹಾದ ಕತ್ತಿಯೊಂದು ಈ ಎರಡು ಊರುಗಳನ್ನೂ ಮುಟ್ಟುವಂತೆ ಗೋಳವನ್ನು ಎರಡು ಹೋಳು ಮಾಡಿದರೆ ಅದರ ಅಂಚು ಬಿಡಿಸುವ ಗೆರೆ. ಗಣಿತದಲ್ಲಿ ಅದಕ್ಕೆ ಮಹಾವೃತ್ತ ಎಂದು ಹೆಸರು.

ಗೋಡೆಯ ಭೂಪಟವನ್ನು ಬೈದು ಪ್ರಯೋಜನವಿಲ್ಲ. 1569ರಲ್ಲಿ ಮರ್ಕೇಟರ್ ಆ ಬಗೆಯ ಪಟ ಮಾಡಿದ್ದು ಹಡಗಿನವರಿಗಾಗಿ. ದಿಕ್ಸೂಚಿಯ ಮುಳ್ಳನ್ನು ಒಂದೇ ಕೋನದಲ್ಲಿ ಹಿಡಿದು ಹೋಗುವವನ ದಾರಿ ಅದರಲ್ಲಿ ನೇರ ಗೆರೆಯಾಗಿ ಬೀಳುತ್ತದೆ. ಅದು ನಾವಿಕನಿಗೆ ದೊಡ್ಡ ಅನುಕೂಲ. ಅದಕ್ಕೆ ತೆತ್ತ ಬೆಲೆ, ಆಫ್ರಿಕಾದ ಹದಿನಾಲ್ಕನೇ ಒಂದು ಪಾಲಿನ ಗ್ರೀನ್‌ಲ್ಯಾಂಡ್ ಅದರಲ್ಲಿ ಆಫ್ರಿಕಾದಷ್ಟೇ ಉಬ್ಬಿ ಕೂತಿರುವುದು. ಅಂಥ ಪಟವನ್ನು ಹಡಗಿನವರಿಂದ ತಂದು ಮಕ್ಕಳ ತರಗತಿಯಲ್ಲಿ ತೂಗುಹಾಕಿದವರ ಮೇಲೆ ಬೇಕಾದರೆ ಸಿಟ್ಟಾಗಬಹುದು.

ದಾರದಿಂದ ದಿಕ್ಕು ತಿಳಿಯಿತು. ದೂರಕ್ಕೆ ಲೆಕ್ಕ ಬೇಕು. ಆ ಲೆಕ್ಕ ಎಸ್ಸೆಸ್ಸೆಲ್ಸಿ ದಾಟಿದ, ಲಾಗ್ ಪುಸ್ತಕ ತಿರುವಿ ಹಾಕಬಲ್ಲ ಯಾರಿಗಾದರೂ ಎಟುಕುವಂಥದು. ಚಿಕ್ಕಮಗಳೂರು ಉತ್ತರ ಅಕ್ಷಾಂಶ 13.32 ಡಿಗ್ರಿ, ಪೂರ್ವ ರೇಖಾಂಶ 75.77. ಸ್ಯಾನ್ ಹೋಸೆ ಉತ್ತರ ಅಕ್ಷಾಂಶ 37.34, ಪಶ್ಚಿಮ ರೇಖಾಂಶ 121.89. ರೇಖಾಂಶಗಳು ಎದುರುಬದುರು ದಿಕ್ಕಿನವಾದ್ದರಿಂದ ಕೂಡಿಸಬೇಕು: 197.66. ಇದು ಅರ್ಧ ಸುತ್ತಿಗಿಂತ ಹೆಚ್ಚು. ಇನ್ನೊಂದು ಕಡೆಯಿಂದ ಹೋದರೆ 162.34 ಡಿಗ್ರಿ. ಈಗ ಎರಡು ಅಕ್ಷಾಂಶಗಳ ಸೈನ್‌ಗಳನ್ನು ಗುಣಿಸಿ: 0.1397. ಎರಡರ ಕೊಸೈನ್‌ಗಳನ್ನು ಗುಣಿಸಿ, ಅದನ್ನು ರೇಖಾಂಶದ ಅಂತರದ ಕೊಸೈನ್‌ನಿಂದ ಮತ್ತೆ ಗುಣಿಸಿ: ಋಣ 0.7373. ಎರಡನ್ನೂ ಕೂಡಿಸಿದರೆ ಋಣ 0.5976. ಯಾವ ಕೋನದ ಕೊಸೈನ್ ಇದು ಎಂದು ನೋಡಿದರೆ 126.7 ಡಿಗ್ರಿ. ಭೂಮಿಯ ಮೇಲೆ ಒಂದು ಡಿಗ್ರಿ ಎಂದರೆ 111.2 ಕಿಲೋಮೀಟರ್. ಅಣ್ಣನಿಂದ ತಮ್ಮನಿಗೆ ಸುಮಾರು 14,090 ಕಿಲೋಮೀಟರ್.

ಇದೇ ದೂರವನ್ನು ಭೂಪಟದ ಬುದ್ಧಿಯಿಂದ, ಅಂದರೆ ಚಿಕ್ಕಮಗಳೂರಿನ ಅಕ್ಷಾಂಶವನ್ನೇ ಹಿಡಿದು ಮೂಡಣಕ್ಕೆ ಹೋಗಿ ಆಮೇಲೆ ಬಡಗಣಕ್ಕೆ ತಿರುಗಿ ಅಳೆದರೆ 20,240 ಕಿ.ಮೀ. ಆಗುತ್ತದೆ. ಭೂಮಿಯ ಮೇಲೆ ಯಾವುದೇ ಎರಡು ಊರುಗಳ ನಡುವೆ 20,000ಕ್ಕಿಂತ ಹೆಚ್ಚು ದೂರ ಇರುವುದೇ ಸಾಧ್ಯವಿಲ್ಲ. ಭೂಪಟವನ್ನು ನಂಬಿದವನು ಅಸಾಧ್ಯವಾದಷ್ಟು ದೂರ ನಡೆಯುತ್ತಾನೆ!

ಆ ಸಂಜೆ ತಾಯಿಗೆ ರುಚಿಸಿದ ಸಂಗತಿ ದೂರವಲ್ಲ, ದಿಕ್ಕು. ಉತ್ತರಕ್ಕೆ ಮುಖ ಮಾಡಿ ಹದಿನೇಳೂವರೆ ಡಿಗ್ರಿ ಬಲಕ್ಕೆ ತಿರುಗಿದರೆ ಮಗನ ಊರು. ಹಾಗೆ ತಿರುಗಿದರೆ ಕಾಣುವುದು ಬಾಬಾಬುಡನ್‌ಗಿರಿಯ ಸಾಲು. ಇನ್ನೂ ನಿಖರವಾಗಿ ಹೇಳಬೇಕೆಂದರೆ ಮಗ ಇರುವುದು ಅಲ್ಲಿಯೂ ಅಲ್ಲ, ಕಾಲ ಕೆಳಗೆ. ಭೂಮಿಯನ್ನು ಕೊರೆದು ನೆಟ್ಟಗೆ ಹೋಗುವುದಾದರೆ ನೆಲಮಟ್ಟದಿಂದ 63 ಡಿಗ್ರಿ ಕೆಳಕ್ಕೆ ಬೆರಳು ತೋರಿಸಬೇಕು. ಆ ಸುರಂಗದ ಉದ್ದ 11,390 ಕಿ.ಮೀ. ಮೇಷ್ಟ್ರು ಇದನ್ನೂ ಹೇಳಹೋದರು. ‘ಕಾಲ ಕೆಳಗೆ ಅನ್ನಬೇಡ’ ಎಂದು ತಾಯಿ ತಡೆದರು. ಅಂದಿನಿಂದ ಸಂಜೆಯ ನಮಸ್ಕಾರ ಎರಡಾಯಿತು. ಒಂದು ಪಡುವಣಕ್ಕೆ, ಇನ್ನೊಂದು ಗಿರಿಯ ಕಡೆಗೆ.

ಮೇಷ್ಟ್ರಿಗೆ ರುಚಿಸಿದ ಸಂಗತಿ ಬೇರೆ. ಚಿಕ್ಕಮಗಳೂರು, ಸ್ಯಾನ್ ಹೋಸೆ, ಉತ್ತರ ಧ್ರುವ, ಈ ಮೂರನ್ನು ಸೇರಿಸಿ ಒಂದು ತ್ರಿಕೋನ ಎಳೆದರೆ ಅದರ ಕೋನಗಳು ಧ್ರುವದಲ್ಲಿ 162, ಇಲ್ಲಿ ಹದಿನೇಳೂವರೆ, ಅಲ್ಲಿ ಇಪ್ಪತ್ತೊಂದೂವರೆ ಚಿಲ್ಲರೆ. ಕೂಡಿದರೆ 201 ಡಿಗ್ರಿಗಿಂತ ಹೆಚ್ಚು. ತ್ರಿಕೋನದ ಮೂರು ಕೋನಗಳ ಮೊತ್ತ 180 ಎಂದು ಮೂವತ್ತನಾಲ್ಕು ವರ್ಷ ಬೆತ್ತ ಹಿಡಿದು ಹೇಳಿಕೊಟ್ಟವರಿಗೆ ತಮ್ಮ ಮನೆಯ ತ್ರಿಕೋನವೇ ಹೀಗೆ ತಿರುಗಿಬಿದ್ದಿತು. ಚಪ್ಪಟೆ ಹಾಳೆಯ ಮೇಲಿನ ನಿಯಮ ಗೋಳದ ಮೇಲೆ ನಡೆಯುವುದಿಲ್ಲ. ತ್ರಿಕೋನ ದೊಡ್ಡದಾದಷ್ಟೂ ಮೊತ್ತ ಉಬ್ಬುತ್ತದೆ. ಸುಮಾರು 200 ಚದರ ಕಿಲೋಮೀಟರ್ ವಿಸ್ತಾರಕ್ಕೆ ಡಿಗ್ರಿಯ 3,600ನೇ ಒಂದು ಪಾಲಿನಷ್ಟು, ಅಂದರೆ ಒಂದು ಸೆಕೆಂಡಿನಷ್ಟು. ತರಗತಿಯ ಕಪ್ಪುಹಲಗೆಯಲ್ಲಿ ಅದು ಕಾಣುವುದಿಲ್ಲ. ಆದರೆ ವಿಲಿಯಂ ಲ್ಯಾಂಬ್ಟನ್ 1800ರಲ್ಲಿ ಬೆಂಗಳೂರಿನ ಬಳಿ ಆಧಾರರೇಖೆ ಅಳೆದು, 1802ರಲ್ಲಿ ಮದರಾಸಿನಿಂದ ತನ್ನ ಮಹಾ ಮೋಜಣಿ ಆರಂಭಿಸಿದಾಗ, ಬೆಟ್ಟದಿಂದ ಬೆಟ್ಟಕ್ಕೆ ಎಳೆದ ತ್ರಿಕೋನಗಳಲ್ಲಿ ಈ ಸೆಕೆಂಡುಗಳ ಲೆಕ್ಕವನ್ನೂ ಇಡಬೇಕಾಯಿತು.

2018ರ ಜನವರಿಯಲ್ಲಿ, ಒಂದು ಮಂಗಳವಾರ ನಸುಕಿನ ನಾಲ್ಕು ಗಂಟೆಗೆ ತಾಯಿ ತೀರಿಕೊಂಡರು. ತಮ್ಮನಿಗೆ ಫೋನು ಹೋದಾಗ ಅವನಿಗೆ ಸೋಮವಾರ ಮಧ್ಯಾಹ್ನ ಎರಡೂವರೆ. ತಾಯಿ ಹೋದದ್ದು ಅಣ್ಣನಿಗೆ ಮಂಗಳವಾರ, ತಮ್ಮನಿಗೆ ಸೋಮವಾರ. ‘ನಾನು ಹೊರಟೆ, ಕಾಯ್ತೀರಲ್ಲ?’ ಎಂದ.

ಮನೆಯ ತುಂಬ ನೆಂಟರು. ಕಾಯೋಣ ಎಂದವರು ಕೆಲವರು. ಹೊತ್ತು ಮೀರಬಾರದು, ಇವತ್ತೇ ಮುಗಿಸಬೇಕು ಎಂದವರು ಹಲವರು. ಎಲ್ಲರೂ ಕೊನೆಗೆ ಮೇಷ್ಟ್ರ ಮುಖ ನೋಡಿದರು. ಮೇಷ್ಟ್ರು ಒಳಗೆ ಹೋಗಿ ಒಂದು ಹಾಳೆ ತೆಗೆದುಕೊಂಡರು. 14,090 ಕಿ.ಮೀ. ದೂರವನ್ನು ಗಂಟೆಗೆ 900ರಂತೆ ಹಾರಿದರೂ ಹದಿನೈದೂವರೆ ಗಂಟೆ ಬೇಕು. ಅದು ಎಲ್ಲೂ ಇಳಿಯದೆ, ಮಹಾವೃತ್ತವನ್ನೇ ಹಿಡಿದು ಬಂದರೆ. ಆಗ ನೇರ ವಿಮಾನ ಇರಲಿಲ್ಲ. ಇದ್ದರೂ ಆ ದಾರಿ ಸುಲಭದ್ದಲ್ಲ. ಟಿಬೆಟ್ಟಿನ ಎತ್ತರದ ಮೇಲೆ ಹಾರುವಾಗ ತೊಂದರೆಯಾದರೆ ವಿಮಾನ ಕೆಳಕ್ಕಿಳಿದು ಉಸಿರಾಡಲು ಜಾಗವಿಲ್ಲ. ಆದ್ದರಿಂದ ಅದನ್ನು ಸುತ್ತುಹಾಕುತ್ತಾರೆ. ಮೇಲಿನ ಗಾಳಿ ಪಡುವಣದಿಂದ ಮೂಡಣಕ್ಕೆ ಬೀಸುತ್ತದೆ, ಅದಕ್ಕೂ ಮಣಿಯಬೇಕು. ನಡುವೆ ಒಂದು ಕಡೆ ವಿಮಾನ ಬದಲಿಸಬೇಕು. ರಾತ್ರಿ ಒಂಬತ್ತಕ್ಕೆ ಹೊರಟರೆ ನಮ್ಮ ಮಂಗಳವಾರ ಬೆಳಗಿನ ಹತ್ತೂವರೆ. ಇಪ್ಪತ್ತನಾಲ್ಕು ಗಂಟೆ ಸೇರಿಸಿದರೆ ಬುಧವಾರ ಹತ್ತೂವರೆಗೆ ಬೆಂಗಳೂರು. ವಿಮಾನ ನಿಲ್ದಾಣದಿಂದ ಹೊರಬಂದು 250 ಕಿ.ಮೀ. ರಸ್ತೆ. ಹಾಳೆಯ ಕೊನೆಯಲ್ಲಿ ಬರೆದರು: ಬುಧವಾರ ಸಂಜೆ 6. ಹೊರಗೆ ಬಂದು, ‘ಕಾಯುವುದು ಬೇಡ’ ಎಂದರು.

ತಮ್ಮ ಬಂದ. ಬೂದಿ ನೋಡಿದ. ಏನೂ ಕೇಳಲಿಲ್ಲ. ಹದಿಮೂರು ದಿನ ಇದ್ದು ಹೋದ.

ಮೂರು ವರ್ಷದ ಮೇಲೆ, 2021ರ ಜನವರಿ 9ರ ರಾತ್ರಿ ಏರ್ ಇಂಡಿಯಾದ ವಿಮಾನವೊಂದು ಸ್ಯಾನ್ ಫ್ರಾನ್ಸಿಸ್ಕೋದಿಂದ ಹೊರಟು, ಉತ್ತರ ಧ್ರುವದ ಮೇಲೆ ಹಾರಿ, 11ರ ನಸುಕಿನಲ್ಲಿ ಬೆಂಗಳೂರಿನಲ್ಲಿ ನೆಟ್ಟಗೆ ಇಳಿಯಿತು. ನಡೆಸಿದವರು ಕ್ಯಾಪ್ಟನ್ ಜೋಯಾ ಅಗರ್‌ವಾಲ್ ಮತ್ತು ಅವರ ಸಂಗಡಿಗರು, ಎಲ್ಲರೂ ಹೆಣ್ಣುಮಕ್ಕಳು. ಹದಿನೇಳು ಗಂಟೆಯ ಆಸುಪಾಸಿನ ಪ್ರಯಾಣದಲ್ಲಿ ಇಡೀ 10ನೇ ತಾರೀಖು ಆಕಾಶದಲ್ಲೇ ಕರಗಿಹೋಗಿತ್ತು. ಪತ್ರಿಕೆಯಲ್ಲಿ ಅದನ್ನು ಓದಿದ ಮೇಷ್ಟ್ರು ಧ್ರುವವನ್ನು ಮುಟ್ಟಿಕೊಂಡು ಬಂದರೆ ತಮ್ಮನ ಊರಿಗೆ ಎಷ್ಟು ಹೆಚ್ಚಾಗುತ್ತದೆ ಎಂದು ಲೆಕ್ಕ ಹಾಕಿದರು. ಇದಕ್ಕೆ ಸೈನ್ ಕೊಸೈನ್ ಯಾವುದೂ ಬೇಡ. ಇಲ್ಲಿಂದ ಧ್ರುವಕ್ಕೆ 76.68 ಡಿಗ್ರಿ, ಅಲ್ಲಿಂದ ತಮ್ಮನಿಗೆ 52.66. ಒಟ್ಟು 14,380 ಕಿ.ಮೀ. ಅತಿ ಹತ್ತಿರದ ದಾರಿಗಿಂತ ಬರೀ 290 ಹೆಚ್ಚು. ಪ್ರಪಂಚದ ನೆತ್ತಿಯನ್ನು ಮುಟ್ಟಿ ಬರುವುದಕ್ಕೆ ಹೆಚ್ಚು ತಗಲುವುದು ವಿಮಾನದ ಇಪ್ಪತ್ತು ನಿಮಿಷ. ಮೂರು ವರ್ಷ ಮೊದಲು ಈ ವಿಮಾನ ಇದ್ದಿದ್ದರೆ ಎಂದು ಅವರು ಯಾರ ಹತ್ತಿರವೂ ಹೇಳಲಿಲ್ಲ. ಆದರೆ ಮಂಗಳವಾರದ ಹಾಳೆ ಲಾಗ್ ಪುಸ್ತಕದ ಒಳಗೆ ಇನ್ನೂ ಇತ್ತು.

ದೂರದ ಕಥೆ ಇಷ್ಟು. ಹೊತ್ತಿನ ಕಥೆ ಇದಕ್ಕಿಂತ ಹಳೆಯದು, ಮತ್ತು ನಮ್ಮ ಮನೆಗಳಿಗೆ ಇನ್ನೂ ಹತ್ತಿರದ್ದು.

ಭೂಮಿ ಇಪ್ಪತ್ತನಾಲ್ಕು ಗಂಟೆಯಲ್ಲಿ 360 ಡಿಗ್ರಿ ಸುತ್ತುತ್ತದೆ. ಒಂದು ಡಿಗ್ರಿಗೆ ನಾಲ್ಕು ನಿಮಿಷ. ಪಂಚಾಂಗದವರ ಮಾತಿನಲ್ಲಿ ಆರು ಡಿಗ್ರಿಗೆ ಒಂದು ಘಳಿಗೆ. ನಮ್ಮ ಹಳೆಯ ಜ್ಯೋತಿರ್ಗಣಿತದವರು ಎಲ್ಲ ಲೆಕ್ಕವನ್ನೂ ಉಜ್ಜಯಿನಿಯ ಮೇಲೆ ಹಾದುಹೋಗುವ ರೇಖೆಗೆ ಮಾಡಿ, ತಮ್ಮ ತಮ್ಮ ಊರಿಗೆ ‘ದೇಶಾಂತರ’ ಎಂಬ ಸಂಸ್ಕಾರ ಕೊಡುತ್ತಿದ್ದರು. ಉಜ್ಜಯಿನಿಯೆಂದರೆ ಮಾಳವದ್ದು, ನಮ್ಮ ಕೂಡ್ಲಿಗಿ ಸೀಮೆಯ ಉಜ್ಜಿನಿಯಲ್ಲ. ಮೇಷ್ಟ್ರಿಗೆ ಒಂದು ಸಣ್ಣ ಹೆಮ್ಮೆ ಇದೆ. ಉಜ್ಜಯಿನಿಯಿಂದ ದಕ್ಷಿಣಕ್ಕೆ ಆ ಗೆರೆಯನ್ನು ಎಳೆಯುತ್ತ ಬಂದರೆ ಅದು ವಿಜಯಪುರವನ್ನು ಸವರಿಕೊಂಡು ಚಿಕ್ಕಮಗಳೂರಿನ ಮೇಲೆಯೇ ಹಾಯುತ್ತದೆ. ದೇಶಾಂತರ ಸಂಸ್ಕಾರವೇ ಬೇಡದ ಊರು!

ಆದರೆ ಒಂದು ಊರು ಆ ರೇಖೆಯಿಂದ ಎಷ್ಟು ಮೂಡಣಕ್ಕಿದೆ ಎಂದು ತಿಳಿಯುವುದು ಹೇಗೆ? ಕೆಲವರು ಸುಲಭದ ದಾರಿ ಹಿಡಿದಿದ್ದರು. ಎರಡು ಊರುಗಳ ನಡುವೆ ದಾರಿಹೋಕರು ಹೇಳುವ ದೂರವೇ ಕರ್ಣ. ಅಕ್ಷಾಂಶಗಳ ವ್ಯತ್ಯಾಸ ಕೋಟಿ. ವರ್ಗ ಕಳೆದು ಮೂಲ ತೆಗೆದರೆ ಭುಜ ಸಿಕ್ಕಿತು, ಅದೇ ಪೂರ್ವಾಪರ ದೂರ. ಏಳನೆಯ ಶತಮಾನದ ಒಂದನೆಯ ಭಾಸ್ಕರ ತನ್ನ ಮಹಾಭಾಸ್ಕರೀಯದಲ್ಲಿ ಈ ಲೆಕ್ಕವನ್ನು ಎತ್ತಿಕೊಂಡು ಅದು ಸಲ್ಲದು ಎನ್ನುತ್ತಾನೆ. ಆರ್ಯಭಟನ ಶಿಷ್ಯಪರಂಪರೆಯ ಆಕ್ಷೇಪ ಎರಡು: ದಾರಿಹೋಕರು ಹೇಳುವ ದೂರ ಬರೀ ಅಂದಾಜು, ಎರಡನೆಯದು, ಭೂಮಿ ಉರುಟಾಗಿದೆ. ಮೇಷ್ಟ್ರ ತ್ರಿಕೋನ 201 ಡಿಗ್ರಿ ತೋರಿಸಿದ್ದಕ್ಕೆ ಕಾರಣವೂ ಅದೇ. ಮತ್ತೆ ಸರಿಯಾದ ದಾರಿ ಯಾವುದು? ಚಂದ್ರಗ್ರಹಣ. ಚಂದ್ರ ನೆರಳಿಗೆ ಸೋಕುವ ಕ್ಷಣ ನೋಡುವವರಿಗೆಲ್ಲ ಒಂದೇ. ಆ ಕ್ಷಣ ಉಜ್ಜಯಿನಿಯ ರೇಖೆಗೆ ಎಷ್ಟು ಘಳಿಗೆಗೆ ಎಂದು ಲೆಕ್ಕ ಹೇಳುತ್ತದೆ. ನಮ್ಮೂರಲ್ಲಿ ಎಷ್ಟು ಘಳಿಗೆಗೆ ಆಯಿತೆಂದು ಕಣ್ಣು ಹೇಳುತ್ತದೆ. ಎರಡರ ಅಂತರವೇ ದೇಶಾಂತರ. ಆಕಾಶದಲ್ಲಿ ತೂಗುಬಿಟ್ಟ ಗಡಿಯಾರದಿಂದ ನೆಲದ ಮೇಲಿನ ದೂರ ಅಳೆಯುವ ಉಪಾಯ!

ಆರ್ಯಭಟನೇ ಇನ್ನೊಂದು ಚಿತ್ರ ಕೊಟ್ಟಿದ್ದಾನೆ. ಲಂಕೆಯಲ್ಲಿ ಸೂರ್ಯ ಹುಟ್ಟುವಾಗ ಸಿದ್ಧಪುರದಲ್ಲಿ ಮುಳುಗುತ್ತಾನೆ, ಯವಕೋಟಿಯಲ್ಲಿ ನಡುಹಗಲು, ರೋಮಕದಲ್ಲಿ ನಡುರಾತ್ರಿ. ಭೂಮಿಯ ನಡುಪಟ್ಟಿಯ ಮೇಲೆ ತೊಂಬತ್ತು ತೊಂಬತ್ತು ಡಿಗ್ರಿಗೆ ಇಟ್ಟ ನಾಲ್ಕು ಊರುಗಳು. ಲಂಕೆಗೆ ನೇರ ಎದುರಿನ ಸಿದ್ಧಪುರ ಇಂದಿನ ಲೆಕ್ಕದಲ್ಲಿ ಪಶ್ಚಿಮ ರೇಖಾಂಶ 104ರ ಮೇಲೆ ಬೀಳುತ್ತದೆ. (ನಮ್ಮ ಶಿರಸಿಯ ಪಕ್ಕದ ಸಿದ್ದಾಪುರದವರು ಕ್ಷಮಿಸಬೇಕು.) ತಮ್ಮನ ಊರು ಅಲ್ಲಿಂದ ಹದಿನೇಳೂಮುಕ್ಕಾಲು ಡಿಗ್ರಿಯಷ್ಟೇ ಆಚೆ. ‘ಸಣ್ಣೋನಿಗೆ ಈಗ ಎಷ್ಟು ಹೊತ್ತು?’ ಎಂದು ತಾಯಿ ಕೇಳುತ್ತಿದ್ದಾಗ ಮೇಷ್ಟ್ರು ಹೇಳುತ್ತಿದ್ದ ಉತ್ತರ ಆರ್ಯಭಟನದೇ: ‘ನಿನಗೆ ದೀಪ ಹಚ್ಚುವ ಹೊತ್ತಾದರೆ ಅವನಿಗೆ ಕಾಫಿಯ ಹೊತ್ತು.’

ಗಡಿಯಾರ ಹೇಳುವುದು ಬೇರೆ, ಸೂರ್ಯ ಹೇಳುವುದು ಬೇರೆ ಎಂಬುದನ್ನು ಮಾತ್ರ ಮರೆಯಬಾರದು. ಸೂರ್ಯನ ಪ್ರಕಾರ ಅಣ್ಣತಮ್ಮಂದಿರ ನಡುವೆ 13 ಗಂಟೆ 11 ನಿಮಿಷ. ಗಡಿಯಾರದ ಪ್ರಕಾರ ಚಳಿಗಾಲದಲ್ಲಿ ಹದಿಮೂರೂವರೆ. ಅಲ್ಲಿಯವರು ಬೇಸಿಗೆಯಲ್ಲಿ ಮುಳ್ಳನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸುವುದರಿಂದ ಆಗ ಹನ್ನೆರಡೂವರೆ. ನಮ್ಮಲ್ಲೂ 1906ರಿಂದ ಎಂಬತ್ತೆರಡೂವರೆ ಡಿಗ್ರಿ ರೇಖೆಯ ಹೊತ್ತನ್ನೇ ದೇಶದ ಹೊತ್ತು ಎಂದು ಇಟ್ಟುಕೊಂಡಿದ್ದೇವೆ. ಚಿಕ್ಕಮಗಳೂರು ಅದಕ್ಕಿಂತ 6.73 ಡಿಗ್ರಿ ಹಿಂದೆ. ಆದ್ದರಿಂದ ಅಲ್ಲಿ ಸೂರ್ಯ ನೆತ್ತಿಯ ರೇಖೆಗೆ ಬರುವುದು ಸರಾಸರಿ 12 ಗಂಟೆ 27 ನಿಮಿಷಕ್ಕೆ. ಸಭೆ ಸಮಾರಂಭ ಅರ್ಧ ಗಂಟೆ ತಡವಾದರೆ ಸೂರ್ಯನನ್ನು ಮುಂದಿಟ್ಟು ತಪ್ಪಿಸಿಕೊಳ್ಳಲು ಆ ಊರಿನವರಿಗೆ ಹಕ್ಕಿದೆ.

ಈ ಎಲ್ಲ ಲೆಕ್ಕ ಬೇಕಾದದ್ದು ತಾಯಿಯ ತಿಥಿಗೆ. ಅಣ್ಣತಮ್ಮಂದಿರು ಪಾಲಾದವರು, ಬೇರೆಯಾದವರು ಶ್ರಾದ್ಧವನ್ನೂ ಬೇರೆಬೇರೆಯಾಗಿಯೇ ಮಾಡಬೇಕೆಂದು ಮನೆಯ ಪುರೋಹಿತರು ಹೇಳಿದ್ದರು. ತಾಯಿ ಹೋದದ್ದು ಪುಷ್ಯ ಬಹುಳದಲ್ಲಿ. ವರ್ಷ ವರ್ಷವೂ ಮೇಷ್ಟ್ರು ಊರಿನಿಂದ ಒಂದು ಕ್ಯಾಲೆಂಡರ್ ಕಳಿಸುತ್ತಿದ್ದರು, ತಮ್ಮ ಅದನ್ನು ಅಡಿಗೆಮನೆಯ ಗೋಡೆಗೆ ಹಾಕುತ್ತಿದ್ದ. ಒಂದು ವರ್ಷ ಜನವರಿಯ ನಡುವೆ ತಿಥಿ ಬಂತು. ಕ್ಯಾಲೆಂಡರಿನಲ್ಲಿ ಗುರುವಾರ ಎಂದಿತ್ತು. ತಮ್ಮ ಗುರುವಾರಕ್ಕೆ ರಜೆ ಹಾಕಿ, ಪುರೋಹಿತರಿಗೂ ಹೇಳಿ, ಅಣ್ಣನಿಗೆ ಫೋನು ಮಾಡಿದ.

‘ಅದು ನಿನ್ನ ಗುರುವಾರ ಅಲ್ಲಪ್ಪ, ನನ್ನ ಗುರುವಾರ’ ಎಂದರು ಮೇಷ್ಟ್ರು.

ವಿಷಯ ಹೀಗಿದೆ. ಸೂರ್ಯನಿಂದ ಚಂದ್ರ ಹನ್ನೆರಡು ಡಿಗ್ರಿ ದೂರ ಸರಿದರೆ ಒಂದು ತಿಥಿ. ಗ್ರಹಣದ ಹಾಗೆ ಅದೂ ಆಕಾಶದ ಸಂಗತಿ. ಶುರುವಾಗುವ ಕ್ಷಣ, ಮುಗಿಯುವ ಕ್ಷಣ ಇಡೀ ಪ್ರಪಂಚಕ್ಕೆ ಒಂದೇ. ಆದರೆ ಶ್ರಾದ್ಧ ಮಾಡಬೇಕಾದ್ದು ಆ ತಿಥಿ ಅಪರಾಹ್ನದಲ್ಲಿ ಇರುವ ದಿನ. ಹಗಲನ್ನು ಐದು ಪಾಲು ಮಾಡಿದರೆ ಪ್ರಾತಃಕಾಲ, ಸಂಗವ, ಮಧ್ಯಾಹ್ನ, ಅಪರಾಹ್ನ, ಸಾಯಾಹ್ನ, ಅಪರಾಹ್ನ ನಾಲ್ಕನೆಯದು. ಅದು ನೆಲದ ಸಂಗತಿ. ಊರು ಬದಲಾದರೆ ಉದಯ ಬದಲಾಯಿತು, ಹಗಲಿನ ಉದ್ದ ಬದಲಾಯಿತು, ಅಪರಾಹ್ನವೂ ಬದಲಾಯಿತು. ಆಕಾಶದ ಗಡಿಯಾರವನ್ನೂ ನೆಲದ ಗಡಿಯಾರವನ್ನೂ ಹೊಂದಿಸದೆ ದಿನ ಹೇಳಲಾಗದು.

ಹಗಲಿನ ಉದ್ದಕ್ಕೂ ಗೋಳದ ಗಣಿತವೇ. ಊರಿನ ಅಕ್ಷಾಂಶದ ಟ್ಯಾಂಜೆಂಟನ್ನು ಸೂರ್ಯನ ಕ್ರಾಂತಿಯ ಟ್ಯಾಂಜೆಂಟಿನಿಂದ ಗುಣಿಸಿ ಚಿಹ್ನೆ ಬದಲಿಸಿದರೆ ಅರ್ಧ ಹಗಲಿನ ಕೊಸೈನ್ ಸಿಗುತ್ತದೆ. ಜನವರಿ ನಡುವಿನಲ್ಲಿ ಸೂರ್ಯ ದಕ್ಷಿಣಕ್ಕೆ 21 ಡಿಗ್ರಿ. ಚಿಕ್ಕಮಗಳೂರಿಗೆ ಅರ್ಧ ಹಗಲು 84.8 ಡಿಗ್ರಿ, ಸ್ಯಾನ್ ಹೋಸೆಗೆ ಬರೀ 73. ಡಿಗ್ರಿಗೆ ನಾಲ್ಕು ನಿಮಿಷದಂತೆ ಹೊತ್ತು ಮಾಡಿ, ಗಾಳಿ ಬೆಳಕನ್ನು ಬಾಗಿಸುವುದರಿಂದ ದಿಗಂತದಲ್ಲಿ ಸಿಗುವ ಕೆಲವು ನಿಮಿಷಗಳನ್ನೂ ಸೇರಿಸಿದರೆ ಇಲ್ಲಿ ಹಗಲು 11 ಗಂಟೆ 24 ನಿಮಿಷ, ಅಲ್ಲಿ 9 ಗಂಟೆ 54 ನಿಮಿಷ. ಇಲ್ಲಿ ಸೂರ್ಯೋದಯ 6.54ಕ್ಕೆ, ಅಲ್ಲಿ ಅಲ್ಲಿಯ ಗಡಿಯಾರದ 7.20ಕ್ಕೆ. ಐದು ಪಾಲು ಮಾಡಿ ಮೂರು ಪಾಲು ಕಳೆದರೆ ಅಣ್ಣನ ಅಪರಾಹ್ನ ಮಧ್ಯಾಹ್ನ 1.44ರಿಂದ 4.01ರವರೆಗೆ, ತಮ್ಮನ ಅಪರಾಹ್ನ 1.16ರಿಂದ 3.15ರವರೆಗೆ.

ಆ ವರ್ಷ ತಿಥಿ ಶುರುವಾದದ್ದು ನಮ್ಮ ಬುಧವಾರ ಸಂಜೆ ನಾಲ್ಕೂವರೆಗೆ, ಮುಗಿದದ್ದು ಗುರುವಾರ ಸಂಜೆ ಐದಕ್ಕೆ. ಇಲ್ಲಿ ಬುಧವಾರದ ಅಪರಾಹ್ನ ತಿಥಿ ಬರುವ ಮೊದಲೇ ಮುಗಿದಿತ್ತು. ಗುರುವಾರದ್ದು ಪೂರ್ತಿ ಒಳಗೆ ಬಿತ್ತು. ಕ್ಯಾಲೆಂಡರ್ ಹೇಳಿದ್ದು ಸರಿ. ಅದೇ ತಿಥಿ ಅಲ್ಲಿಗೆ ಬುಧವಾರ ನಸುಕಿನ ಮೂರಕ್ಕೆ ಶುರುವಾಗಿ ಗುರುವಾರ ನಸುಕಿನ ಮೂರೂವರೆಗೆ ಮುಗಿಯುತ್ತದೆ. ತಮ್ಮ ಗುರುವಾರ ಸ್ನಾನಕ್ಕೆ ಏಳುವ ಹೊತ್ತಿಗೆ ತಾಯಿಯ ತಿಥಿ ಮುಗಿದು ಮುಂದಿನ ತಿಥಿ ನಡೆಯುತ್ತಿರುತ್ತದೆ. ಅವನ ದಿನ ಬುಧವಾರ.

ಅಮೆರಿಕದವರಿಗೆ ಯಾವತ್ತೂ ಒಂದು ದಿನ ಮೊದಲು ಎಂಬ ಮಾತು ಅನೇಕರ ಬಾಯಲ್ಲಿದೆ. ಅದೂ ತಪ್ಪು. ತಿಥಿ ನಮ್ಮಲ್ಲಿ ಬೆಳಗಿನ ಹನ್ನೊಂದಕ್ಕೆ ಶುರುವಾಗಿದ್ದರೆ ಇಬ್ಬರಿಗೂ ಒಂದೇ ವಾರ ಬರುತ್ತಿತ್ತು. ಒಮ್ಮೊಮ್ಮೆ ಅದೇ ವಾರ, ಒಮ್ಮೊಮ್ಮೆ ಹಿಂದಿನ ದಿನ. ಕೂತು ಲೆಕ್ಕ ಹಾಕದೆ ಬೇರೆ ದಾರಿಯಿಲ್ಲ. ಈಗ ಮೊಬೈಲಿನಲ್ಲಿ ಊರಿನ ಹೆಸರು ಒತ್ತಿದರೆ ಪಂಚಾಂಗವೇ ಬರುತ್ತದೆ. ಒಳಗೆ ಕೆಲಸ ಮಾಡುವುದು ಇದೇ ಟ್ಯಾಂಜೆಂಟು, ಇದೇ ಕೊಸೈನು. ಮೇಷ್ಟ್ರು ಅದನ್ನೂ ತೆಗೆಸಿ ನೋಡಿ, ಎರಡು ನಿಮಿಷ ವ್ಯತ್ಯಾಸ ಬಂದದ್ದಕ್ಕೆ ಮೊಬೈಲನ್ನೇ ಅನುಮಾನಿಸಿದರು.

‘ಒಂದು ದಿನ ಆಚೀಚೆ ಆದರೆ ಏನು ಮಹಾ?’ ಎಂದು ಮನೆಯಲ್ಲಿ ಯಾರೋ ಅಂದರು. ಮೇಷ್ಟ್ರು ಸ್ವತಃ ಅಂಥ ದೊಡ್ಡ ಕರ್ಮಠರೇನಲ್ಲ. ಆದರೆ ಫೋನಿನ ಆ ತುದಿಯಲ್ಲಿ ಇದ್ದವನು ಒಮ್ಮೆ ಒಂದು ದಿನ ತಡವಾಗಿ ಬಂದವನು. ಅವನಿಗೆ ಒಂದು ದಿನ ಎಂದರೆ ಎಷ್ಟು ಎಂದು ಅವರಿಗೆ ಗೊತ್ತಿತ್ತು.

ತಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದ: ‘ಅಣ್ಣಾ, ಅವತ್ತೂ ಹೀಗೇ ಲೆಕ್ಕ ಹಾಕಿದ್ದೆಯಾ?’

‘ಹಾಕಿದ್ದೆ.’

‘ಎಷ್ಟು ಬಂತು?’

‘ಬುಧವಾರ ಸಂಜೆ ಆರು.’

‘ನಾನು ಬಾಗಿಲಿಗೆ ಬಂದಾಗ ಆರೂಮುಕ್ಕಾಲು’ ಎಂದ ತಮ್ಮ. ‘ಕಡೂರಿನ ಹತ್ತಿರ ಟಯರ್ ಬದಲಾಯಿಸಿದ್ವಿ.’

ಮೇಷ್ಟ್ರು ಏನೂ ಹೇಳಲಿಲ್ಲ. ‘ಬುಧವಾರ ರಜೆ ಸಿಗುತ್ತೇನೋ?’ ಎಂದಷ್ಟೇ ಕೇಳಿದರು. ಗುರುವಾರದ್ದನ್ನು ಬುಧವಾರಕ್ಕೆ ಬದಲಾಯಿಸಿಕೊಳ್ಳುತ್ತೇನೆ ಎಂದ.

ತಮ್ಮನ ಅಪರಾಹ್ನ ಶುರುವಾದಾಗ ಚಿಕ್ಕಮಗಳೂರಿನಲ್ಲಿ ಗುರುವಾರ ನಸುಕಿನ 2 ಗಂಟೆ 46 ನಿಮಿಷ. ಅಣ್ಣನ ಸರದಿಗೆ ಇನ್ನೂ ಹನ್ನೊಂದು ಗಂಟೆ ಇತ್ತು. ಆದರೂ ಮೇಷ್ಟ್ರು ಎದ್ದು, ಗಡಿಯಾರ ನೋಡಿ, ಜಗುಲಿಯಲ್ಲಿ ಶಾಲು ಹೊದ್ದು ಕೂತಿದ್ದರು. ಐದು ಗಂಟೆಗೆ ಫೋನು ಬಂತು.

‘ಎಲ್ಲ ಆಯ್ತು ಅಣ್ಣಾ.’

‘ಕಾಗೆ ಬಂತೇನೋ?’

‘ಬಂತು. ಇಲ್ಲಿಯವು ನಮ್ಮೂರಿನವಕ್ಕಿಂತ ಸ್ವಲ್ಪ ದೊಡ್ಡವು. ಹಿತ್ತಲ ಬೇಲಿ ಮೇಲೆ ಎರಡು ಕೂತಿದ್ದವು, ನಾನು ಒಳಗೆ ಬರೋವರೆಗೂ ಕಾಯಲಿಲ್ಲ.’